ಬಾಟಲ್‌ಬ್ರಷ್ ಗಿಡದ ಫಲಕ ಓದುವುದು ಹೇಗೆ?

ಬೆಂಗಳೂರಿನ ಉದ್ಯಾನಗಳಲ್ಲಿ ಕೆಂಪು ಕುಂಚ ನೇತುಹಾಕಿದಂತೆ ಹೂಬಿಡುವ ಬಾಟಲ್‌ಬ್ರಷ್‌ನ ತವರು ಪೂರ್ವ ಆಸ್ಟ್ರೇಲಿಯಾ. ಫಲಕದ ಮೇಲೆ ಬರೆಯುವ ಅದರ ಪೂರ್ತಿ ವೈಜ್ಞಾನಿಕ ಹೆಸರು ಕ್ಯಾಲಿಸ್ಟೆಮನ್ ವಿಮಿನಾಲಿಸ್ (ಸೋಲ್. ಎಕ್ಸ್ ಗಾರ್ಟ್ನ್.) ಜಿ. ಡಾನ್. ಗಾಬರಿ ಬೇಡ, ಬಿಡಿಸಿ ಓದೋಣ.

1. ಮೊದಲು ಎಲೆ ನೋಡಿ. ಒಂದನ್ನು ಬೆಳಕಿಗೆ ಹಿಡಿದರೆ ಸಣ್ಣ ಚುಕ್ಕೆಗಳು ಕಾಣುತ್ತವೆ, ಹಿಸುಕಿದರೆ ಘಮ್ಮೆನ್ನುತ್ತದೆ. ಅವು ಎಣ್ಣೆ ಗ್ರಂಥಿಗಳು. ನೇರಳೆ, ಸೀಬೆ, ಲವಂಗದ ಮಿರ್ಟೇಸಿ ಕುಟುಂಬದ ಗುರುತು ಇದು.

2. ಹೆಸರಿನ ಮೊದಲ ಪದ ಕುಲದ್ದು, ಅಂದರೆ ಹತ್ತಿರದ ಸಂಬಂಧಿ ಗಿಡಗಳ ಗುಂಪಿನದ್ದು. ಊರು, ಅಪ್ಪನ ಹೆಸರು ಮುಂದೆ ಬಂದು ಸ್ವಂತ ಹೆಸರು ಕೊನೆಗೆ ಬರುವ ನಮ್ಮ ಪದ್ಧತಿಯಂತೆಯೇ. ಕ್ಯಾಲಿಸ್ಟೆಮನ್ ಅಂದರೆ ಗ್ರೀಕ್‌ನಲ್ಲಿ 'ಚೆಂದದ ಕೇಸರ'. ಹೂವಿನ ಕೆಂಪೆಲ್ಲ ಕೇಸರಗಳದ್ದೇ. ದಳಗಳು ಪುಟಾಣಿ, ಗಮನಕ್ಕೇ ಬರುವುದಿಲ್ಲ.

3. ಎರಡನೆಯದು ಪ್ರಭೇದ. ವಿಮಿನಾಲಿಸ್ ಎಂದರೆ ಬುಟ್ಟಿ ಹೆಣೆಯುವ ಬಳುಕು ಕಡ್ಡಿಯಂಥದ್ದು. ಜೋತುಬಿದ್ದ ರೆಂಬೆ ನೋಡಿದರೆ ಒಪ್ಪುತ್ತೀರಿ.

4. ಆವರಣ ಚಿಹ್ನೆಯೊಳಗಿನ ಹೆಸರುಗಳಿಗೆ ಬನ್ನಿ, ಕಥೆಯೆಲ್ಲ ಅಲ್ಲೇ ಇದೆ. ಸೋಲ್. ಅಂದರೆ ಸೋಲಾಂಡರ್, ಗಾರ್ಟ್ನ್. ಅಂದರೆ ಗಾರ್ಟ್ನರ್, ಇಬ್ಬರೂ ಸಸ್ಯವಿಜ್ಞಾನಿಗಳು. 1770ರಲ್ಲಿ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಜೊತೆ ನಾವಿಕ ಜೇಮ್ಸ್ ಕುಕ್‌ನ ಹಡಗಿನಲ್ಲಿ ಪೂರ್ವ ಆಸ್ಟ್ರೇಲಿಯಾದ ಕರಾವಳಿಗೆ ಹೋಗಿದ್ದ ಸೋಲಾಂಡರ್ ಹಸ್ತಪ್ರತಿಯಲ್ಲಿ ಹೆಸರಿಟ್ಟ. ಅದು ಅಚ್ಚಾಗುವ ಮೊದಲೇ, 1782ರಲ್ಲಿ ತೀರಿಕೊಂಡ. 1788ರಲ್ಲಿ ಗಾರ್ಟ್ನರ್ ಅದನ್ನು ಪ್ರಕಟಿಸಿದ, ಬೇರೆ ಕುಲದ ಕೆಳಗೆ. 'ಎಕ್ಸ್' ಹೇಳುವುದು ಇಷ್ಟನ್ನೇ: ಇಟ್ಟವನು ಒಬ್ಬ, ಅಚ್ಚು ಹಾಕಿಸಿದವನು ಇನ್ನೊಬ್ಬ. ಪಾಪ, ಸೋಲಾಂಡರ್‌ಗೆ ಕನಿಷ್ಠ ಆವರಣದಲ್ಲಾದರೂ ಜಾಗ ಸಿಕ್ಕಿತು.

5. ಆವರಣದ ಹೊರಗಿನ ಜಿ. ಡಾನ್ ಎಂಬ ಸಸ್ಯವಿಜ್ಞಾನಿ ಆ ಪ್ರಭೇದವನ್ನು ಕ್ಯಾಲಿಸ್ಟೆಮನ್ ಕುಲಕ್ಕೆ ತಂದವರು.

6. ಇನ್ನೊಂದು ಫಲಕದಲ್ಲಿ ಕುಲದ ಹೆಸರು ಬೇರೆಯಾಗಿ, ಮೆಲಲೂಕ ವಿಮಿನಾಲಿಸ್ ಎಂದಿದ್ದರೆ? ಕೇಸರ ಬಿಡಿಬಿಡಿಯಾಗಿದ್ದರೆ ಕ್ಯಾಲಿಸ್ಟೆಮನ್, ಐದು ಗೊಂಚಲಾಗಿ ಕೂಡಿದ್ದರೆ ಮೆಲಲೂಕ ಎಂಬುದು ಹಳೆಯ ಲೆಕ್ಕ. ಈ ಗಿಡದಲ್ಲಿ ಕೇಸರದ ಬುಡ ಕೊಂಚ ಅಂಟಿಕೊಂಡಿರುವುದುಂಟು. ಗೆರೆ ಎಲ್ಲಿ ಎಳೆಯುವುದು? 1984ರಲ್ಲಿ ಸಸ್ಯವಿಜ್ಞಾನಿ ಬರ್ನ್ಸ್ ಇದನ್ನು ಮೆಲಲೂಕಕ್ಕೆ ಸೇರಿಸಿದರು. 2006ರಲ್ಲಿ ಇನ್ನೊಬ್ಬ ಸಸ್ಯವಿಜ್ಞಾನಿ ಕ್ರೇವನ್ ಇನ್ನೂ ಹಲವು ಕ್ಯಾಲಿಸ್ಟೆಮನ್‌ಗಳನ್ನು ಅಲ್ಲಿಗೇ ಕಳಿಸಿದರು. ಎಲ್ಲರೂ ಒಪ್ಪಿಲ್ಲ, ಎರಡೂ ಹೆಸರು ಚಾಲ್ತಿಯಲ್ಲಿವೆ. ನನಗೇನೋ ಹಳೆಯದೇ ನಾಲಿಗೆಗೆ ಸಲೀಸು.

ಎರಡು ಫಲಕ ಎದುರಾದರೆ ಆವರಣ ಹೋಲಿಸಿ. ಎರಡರಲ್ಲೂ ವಿಮಿನಾಲಿಸ್ ಆದ ಮೇಲೆ ಆವರಣದಲ್ಲಿ ಸೋಲಾಂಡರ್, ಗಾರ್ಟ್ನರ್ ಇದ್ದರೆ ಗಿಡ ಒಂದೇ.