ಅಜ್ಜಿಯನ್ನು ಕೇಳಲಿಲ್ಲ, ಚಿಕ್ಕಜ್ಜಿಯನ್ನು ಕೇಳಿದೆ

ಅಜ್ಜಿ ಹೋದಾಗ ನನ್ನ ಹತ್ತಿರ ಅವರ ದನಿ ಇದ್ದದ್ದು ಹನ್ನೊಂದು ಸೆಕೆಂಡು. "ಸರಿ, ಫೋನ್ ಇಡ್ತೀನಿ" ಅಂತ. ಅಷ್ಟು ವರ್ಷ ಜೊತೆಗಿದ್ದೂ ಅವರು ಬೆಳೆದ ಮನೆ ಹೇಗಿತ್ತು ಅಂತ ಒಮ್ಮೆಯೂ ಕೇಳಿರಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಉಳಿದಿದ್ದವರು ಅವರ ತಂಗಿ, ಹತ್ತಿರ ಹತ್ತಿರ 88 ವರ್ಷ. "ಅವರಿಗೇನೂ ನೆನಪಿಲ್ಲ, ಸುಮ್ನೆ ಯಾಕೆ ಕಾಡ್ತೀಯ" ಅಂದರು ಮನೆಯವರೆಲ್ಲ.

ಮೊದಲ ಸಲ 60 ಪ್ರಶ್ನೆ ಬರೆದುಕೊಂಡು ಹೋದೆ. ಹುಟ್ಟಿದ ಇಸವಿ, ಮುತ್ತಜ್ಜನ ಹೆಸರು, ಹೀಗೆ. ಇಪ್ಪತ್ತು ನಿಮಿಷ ಬರೀ "ಗೊತ್ತಿಲ್ಲಪ್ಪ". ಎರಡನೇ ಸಲ ವಿಡಿಯೊದವರನ್ನು ಕರೆಸಿದೆ. ಎರಡು ಕ್ಯಾಮೆರಾ, ದೊಡ್ಡ ದೀಪ. ಇದಕ್ಕೆಂದು ಎತ್ತಿಟ್ಟಿದ್ದ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ದಿನಕ್ಕೆ ಖಾಲಿ. ಚಿಕ್ಕಜ್ಜಿ ನೆಟ್ಟಗೆ ಕೂತರು, ಬಾಯೇ ಬಿಡಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ನನ್ನ ಹಳೇ ಫೋನು, ಒಂದು ಕಾಲರ್ ಮೈಕು, ಅಷ್ಟೇ.

ಮೂರನೇ ಸಲ ಹಾಳೆ, ಪೆನ್ಸಿಲ್ ಮುಂದಿಟ್ಟೆ. "ನೀವು ಚಿಕ್ಕವರಿದ್ದಾಗಿನ ಮನೆ ಬರೆದು ತೋರಿಸಿ. ಬಾಗಿಲು ಎಲ್ಲಿತ್ತು?" ಬಾಗಿಲು ಬರೆದರು, ಕಿಟಕಿ ಬರೆದರು. ಯಾರು ಎಲ್ಲಿ ಮಲಗ್ತಿದ್ರು ಅಂತ ಕೇಳಿದೆ. ಒಂದೊಂದು ಮೂಲೆಗೂ ಒಬ್ಬೊಬ್ಬರು ಎದ್ದು ಬಂದರು. ಎಳವೆಯಲ್ಲೇ ತೀರಿಕೊಂಡ ಇಬ್ಬರು ಮಕ್ಕಳು ಕೂಡ. ಅವರ ಹೆಸರನ್ನು ನಮ್ಮಲ್ಲಿ ಯಾರೂ ಕೇಳಿಯೇ ಇರಲಿಲ್ಲ.

ಇಸವಿ ಕೇಳಲೇಬೇಡಿ. "ಆಗ ನಿಮ್ಮ ತಮ್ಮ ನಡೀತಿದ್ನಾ, ಅಂಬೆಗಾಲಾ?" ಅಂತ ಕೇಳಿ. ತಮ್ಮ ಹುಟ್ಟಿದ ವರ್ಷ ಗೊತ್ತಿದ್ದರೆ ಉಳಿದದ್ದು ಕೂಡೋ ಲೆಕ್ಕ. ಒಂದು ಸಲಕ್ಕೆ 40 ನಿಮಿಷ ಸಾಕು. ನಾನು 14 ಸಲವೋ ಏನೋ ಕೂತೆ, ಒಂಬತ್ತು ಗಂಟೆ ಮಾತು ಸಿಕ್ಕಿತು. ಹಳೇ ಜಗಳಗಳ ಬಗ್ಗೆ ಅವರು ಹೇಗೆ ಮನಸ್ಸು ಬಿಚ್ಚಿದರು ಅನ್ನೋದನ್ನು ಮಾತ್ರ ಇಲ್ಲಿ ಹೇಳೋದಿಲ್ಲ. ಅದು ನಾನು ಕಷ್ಟಪಟ್ಟು ಕಂಡುಕೊಂಡ ದಾರಿ.

ನಡುವೆ ಇನ್ನೊಂದು ಹುಚ್ಚು ಹಿಡಿಯಿತು, ಹಳೇ ಫೋಟೊಗಳದು. ಅಂಟಿನ ಆಲ್ಬಮ್ಮಿನಿಂದ ಅವಸರದಲ್ಲಿ ಕಿತ್ತು ಎರಡನ್ನು ಹರಿದುಬಿಟ್ಟೆ. ಆಮೇಲೆ ಹಲ್ಲುಸಂದಿಗೆ ಬಳಸುವ ದಾರವನ್ನು ಫೋಟೊ ಅಡಿಯಲ್ಲಿ ಮೆಲ್ಲಗೆ ಎಳೆದೆ, ಉಳಿದವು ಬಂದವು. ಹಿಂಬದಿಯ ಪೆನ್ಸಿಲ್ ಬರಹ ಮಾಸಿತ್ತು. ಕತ್ತಲೆಯಲ್ಲಿ ಟಾರ್ಚನ್ನು ಮಗ್ಗುಲಿಂದ ತಗ್ಗಿಸಿ ಹಿಡಿದರೆ, ಒತ್ತಿ ಬರೆದ ಗೆರೆಗಳ ನೆರಳು ಎದ್ದು ಕಾಣುತ್ತದೆ. ಮೂರು ಹೆಸರು ಹಾಗೆ ಓದಿದೆ.

ಬೇಡ ಅಂದಿದ್ದವರೇ ಈಗ ಆಡಿಯೊ ಕಳಿಸು ಅಂತ ಕೇಳುತ್ತಿದ್ದಾರೆ, ಎಂಟು ಮನೆಗೆ ಕಳಿಸಿದ್ದೇನೆ. ಆ ಹಾಳೆಯನ್ನು ಮಾತ್ರ ಯಾರಿಗೂ ಕೊಟ್ಟಿಲ್ಲ. ಅದರಲ್ಲಿ ಕಿಟಕಿ ಪಕ್ಕ ಚಿಕ್ಕಜ್ಜಿ ಒಂದು ಸುತ್ತು ಹಾಕಿದ್ದಾರೆ. "ನಿಮ್ಮಜ್ಜಿ ಇಲ್ಲೇ ಮಲಗ್ತಿದ್ಲು. ಕತ್ತಲೆ ಅಂದ್ರೆ ಅವಳಿಗೆ ತುಂಬಾ ಭಯ" ಅಂದರು.