ದಾವಣಗೆರೆಯಲ್ಲೇ ಕೂತು ಅಮೆರಿಕದ ಎಂ.ಎಸ್.: ನನ್ನ ಅನುಭವ

ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಪಡೆಯುವ ಈ ವಿದೇಶಿ ಪದವಿಯನ್ನು ನಾಳೆ ಯಾರ ಮೇಜಿನ ಮೇಲೆ ಇಡುತ್ತೀರಿ? ಅರ್ಜಿ ತುಂಬುವ ಮುಂಚೆ ಇದು ಇತ್ಯರ್ಥ ಆಗಬೇಕು. ಬೆಂಗಳೂರಿನ ಕಂಪನಿಗೋ ಹೊರದೇಶದ ಕೆಲಸಕ್ಕೋ ಆದರೆ ಮುಂದೆ ಓದಿ. ಕಾಲೇಜು ಉಪನ್ಯಾಸಕರ ಹುದ್ದೆಗೋ ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದ ಪಿಎಚ್.ಡಿ.ಗೋ ಬೇಕಿದ್ದರೆ ಈ ದಾರಿ ಹಿಡಿಯಬೇಡಿ. ವಿದೇಶಿ ಪದವಿ ಇಲ್ಲಿನದಕ್ಕೆ ಸಮ ಎಂಬ ತತ್ಸಮಾನ ಪತ್ರ ಕೊಡುತ್ತಿದ್ದ ಎಐಯು (ಭಾರತೀಯ ವಿಶ್ವವಿದ್ಯಾಲಯಗಳ ಸಂಘ), ದೂರಶಿಕ್ಷಣದಲ್ಲಿ ಪಡೆದದ್ದನ್ನು ಒಪ್ಪುತ್ತಿರಲಿಲ್ಲ. ವಿಶ್ವವಿದ್ಯಾಲಯಗಳ ಮೇಲಿನ ಕೇಂದ್ರ ಸಂಸ್ಥೆಯಾದ ಯುಜಿಸಿಯ 2025ರ ನಿಯಮಗಳೂ ತರಗತಿಯಲ್ಲಿ ಕೂತು ಓದಿದ್ದನ್ನೇ ಕೇಳುತ್ತವೆ. ವಿಶ್ವವಿದ್ಯಾಲಯ ಎಷ್ಟೇ ದೊಡ್ಡದಿರಲಿ, ಓದಿದ ಕ್ರಮವೇ ಇಲ್ಲಿ ಅಡ್ಡಿ.

ಏಜೆಂಟರು ಯುಜಿಸಿಯ 2022ರ ಪ್ರಕಟಣೆಯೊಂದನ್ನು ಮುಂದೆ ಹಿಡಿಯುತ್ತಾರೆ: ಆನ್‌ಲೈನ್ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು. ಅದು ಯುಜಿಸಿ ಅನುಮತಿ ಪಡೆದ ನಮ್ಮ ದೇಶದ ಸಂಸ್ಥೆಗಳಿಗೆ ಮಾತ್ರ. ಎಡ್‌ಟೆಕ್ ಕಂಪನಿಗಳು ವಿದೇಶಿ ವಿಶ್ವವಿದ್ಯಾಲಯದ ಜೊತೆ ಸೇರಿ ಮಾರುವ ಆನ್‌ಲೈನ್ ಪದವಿಗೆ ಮಾನ್ಯತೆ ಇಲ್ಲವೆಂದು ಅದೇ ಯುಜಿಸಿ 2023ರ ಡಿಸೆಂಬರ್‌ನಲ್ಲಿ ಎಚ್ಚರಿಸಿದ್ದನ್ನು ಅವರು ತೋರಿಸುವುದಿಲ್ಲ.

ನಾನು ಮಾಡಿದ್ದು ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿರುವ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಆನ್‌ಲೈನ್ ಕಂಪ್ಯೂಟರ್ ಸೈನ್ಸ್ ಎಂ.ಎಸ್. 2014ರಲ್ಲಿ ಶುರುವಾದ ಕೋರ್ಸು. 10 ವಿಷಯ, 30 ಕ್ರೆಡಿಟ್, ಒಟ್ಟು ಶುಲ್ಕ ಸುಮಾರು 7,000 ಡಾಲರ್. ಸೇರಿದ ಮೊದಲ 12 ತಿಂಗಳಲ್ಲಿ ಎರಡು ಮೂಲ ವಿಷಯಗಳಲ್ಲಿ ಬಿ ಗ್ರೇಡ್ ಬರಲೇಬೇಕು. ಕೆಲಸದ ಜೊತೆ ಓದುವವರು ಮೊದಲ ಸೆಮಿಸ್ಟರಿಗೆ ಒಂದೇ ವಿಷಯ ತೆಗೆದುಕೊಳ್ಳಿ.

ನಮ್ಮ ಕಡೆಯವರು ಎಡವುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಬಿ.ಎಸ್.' ಅಂತಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು; ಇಲ್ಲವೇ ಮನೆಹೆಸರಿನ ಜಾಗ ಖಾಲಿ ಬಿಡಬೇಕು. ಅಮೆರಿಕದ ಅರ್ಜಿ ಆ ಜಾಗ ಖಾಲಿ ಬಿಟ್ಟರೆ ಮುಂದಕ್ಕೇ ಹೋಗದು. ಆಗ ಮಂಜುನಾಥ ಎಂದು ಎರಡು ಸಲ ತುಂಬಿದರೆ ಪದವಿಪತ್ರದಲ್ಲಿ 'ಮಂಜುನಾಥ ಮಂಜುನಾಥ' ಅಂತಲೇ ಅಚ್ಚಾಗಿ ಬರುವ ಅಪಾಯವಿದೆ. ಮೊದಲು ಪಾಸ್‌ಪೋರ್ಟ್ ಸರಿಮಾಡಿಸಿ, ಆಮೇಲೆ ಅರ್ಜಿ. ಹಳೆಯ ಅಂಕಪಟ್ಟಿಗೂ ಪಾಸ್‌ಪೋರ್ಟಿಗೂ ವ್ಯತ್ಯಾಸ ಇದ್ದರೆ ನೋಟರಿ ಅಫಿಡವಿಟ್ ಒಂದು ಜೊತೆಗಿರಲಿ.

ಅರ್ಜಿಗೆ ಹಳೆಯ ಪದವಿಯ ಟ್ರಾನ್ಸ್‌ಕ್ರಿಪ್ಟ್ (ವಿಶ್ವವಿದ್ಯಾಲಯವೇ ಕೊಡುವ ಎಲ್ಲ ಅಂಕಗಳ ದಾಖಲೆ) ಬೇಕು. ಬಿ.ಇ. ಮಾಡಿದವರಿಗೆ ಬೆಳಗಾವಿಯ ವಿಟಿಯು. ಬಿ.ಎಸ್ಸಿ., ಬಿ.ಸಿ.ಎ. ಮಾಡಿದವರು ಇಸವಿ ನೋಡಿಕೊಳ್ಳಿ: ದಾವಣಗೆರೆ ವಿಶ್ವವಿದ್ಯಾಲಯ ಹುಟ್ಟಿದ್ದೇ 2009ರಲ್ಲಿ, ಅದಕ್ಕೂ ಮುಂಚೆ ಪಾಸಾದವರ ದಾಖಲೆಗೆ ಶಂಕರಘಟ್ಟಕ್ಕೆ, ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋಗಬೇಕು.

ಶುಲ್ಕ ಕಳಿಸುವಾಗ ಬ್ಯಾಂಕಿನಲ್ಲಿ ಎ2 ಫಾರಂ ತುಂಬಬೇಕು; ಹಣ ಯಾತಕ್ಕೆ ಎಂಬುದಕ್ಕೆ ಅದರಲ್ಲೊಂದು ಕೋಡ್ ಇರುತ್ತದೆ. ಕೌಂಟರಿನವರು ರೂಢಿಯಂತೆ ಎಸ್0305 ಬರೆದುಬಿಡುತ್ತಾರೆ. ಅದು ಓದಲು ವಿದೇಶಕ್ಕೆ ಹೋಗುವವರ ಕೋಡ್, ವೀಸಾ ಎಲ್ಲಿ ಅಂತ ಕೇಳಿ ಕಡತ ಅಲ್ಲೇ ನಿಲ್ಲುತ್ತದೆ. ಇಲ್ಲೇ ಕೂತು ಕರೆಸ್ಪಾಂಡೆನ್ಸಿನಲ್ಲಿ ಓದುವವರಿಗೆ ಎಸ್1107. ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ) ಇಲ್ಲ, ಈ ಶುಲ್ಕ ಅದರೊಳಗೇ ಮುಗಿಯುತ್ತದೆ. ಹಣ ಹೋದದ್ದಕ್ಕೆ ಸಾಕ್ಷಿಯಾಗಿ ಬ್ಯಾಂಕು ಕೊಡುವ ಸ್ವಿಫ್ಟ್ ಸಂದೇಶದ ನಕಲನ್ನು ಕಂತು ಕಂತಿಗೂ ಇಟ್ಟುಕೊಳ್ಳಿ.

ಗಡುವಿನ ಲೆಕ್ಕ ಕೈಕೊಡುವುದು ಹೆಚ್ಚು. 'ಎಒಇ ರಾತ್ರಿ 11:59' (ಎನಿವೇರ್ ಆನ್ ಅರ್ತ್, ಅಂದರೆ ಭೂಮಿಯ ಕೊನೆಯ ಮೂಲೆಯಲ್ಲೂ ಆ ದಿನ ಮುಗಿಯುವವರೆಗೆ) ಎಂದರೆ ನಮಗೆ ಮರುದಿನ ಸಂಜೆ 5:29. ಬರೀ ಅಟ್ಲಾಂಟಾ ಸಮಯ ಎಂದಿದ್ದರೆ ಬೇಸಿಗೆಯಲ್ಲಿ ಬೆಳಿಗ್ಗೆ 9:29, ಚಳಿಗಾಲದಲ್ಲಿ 10:29. ಮಾರ್ಚಿನ ಎರಡನೇ ಭಾನುವಾರ, ನವೆಂಬರಿನ ಮೊದಲ ಭಾನುವಾರ ಅವರ ಗಡಿಯಾರ ಬದಲಾಗುತ್ತದೆ.

ಪರೀಕ್ಷೆಯನ್ನು ಕ್ಯಾಮೆರಾ ಕಾಯುತ್ತದೆ. ಶುರುವಿಗೆ ಲ್ಯಾಪ್‌ಟಾಪ್ ಎತ್ತಿ ಕೋಣೆ ಸುತ್ತ ತೋರಿಸಬೇಕು, ಗುರುತಿಗೆ ಪಾಸ್‌ಪೋರ್ಟ್ ಹಿಡಿಯಬೇಕು. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ, ಸಾಯುವುದು ರೂಟರ್. ಇನ್ವರ್ಟರ್ ಇದ್ದರೂ ಬದಲಾಗುವ ಆ ಒಂದು ಕ್ಷಣದಲ್ಲಿ ರೂಟರ್ ಮತ್ತೆ ಮೊದಲಿಂದ ಶುರುವಾಗುತ್ತದೆ, ಒಂದೆರಡು ನಿಮಿಷ ನೆಟ್ ಇರುವುದಿಲ್ಲ. ರೂಟರಿಗೇ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿದರೆ ಈ ಕಾಟ ತಪ್ಪುತ್ತದೆ.

ಮುಗಿದ ಮೇಲೆ ಅಪೋಸ್ಟಿಲ್, ಅಂದರೆ ಪದವಿಪತ್ರ ಬೇರೆ ದೇಶದಲ್ಲೂ ನಡೆಯಲೆಂದು ಹಾಕಿಸುವ ಅಧಿಕೃತ ದೃಢೀಕರಣ. ಪದವಿ ಕೊಟ್ಟ ನೆಲದಲ್ಲೇ ಆಗಬೇಕು, ದೆಹಲಿಯಲ್ಲಿ ಅಲ್ಲ. ಅಮೆರಿಕದ ಬಹಳ ರಾಜ್ಯಗಳಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ ಕೊಡುತ್ತದೆ. ಜಾರ್ಜಿಯಾದಲ್ಲಿ ಮಾತ್ರ ಸುಪೀರಿಯರ್ ಕೋರ್ಟ್ ಗುಮಾಸ್ತರ ಪ್ರಾಧಿಕಾರ. ಅದಕ್ಕೂ ಮೊದಲು ಪ್ರತಿಗೆ ಅಲ್ಲಿನ ನೋಟರಿಯ ಸಹಿ ಬಿದ್ದಿರಬೇಕು. ಕೆನಡಾಕ್ಕೆ ಡಬ್ಲ್ಯೂಇಎಸ್ (ಹೊರದೇಶದ ಪದವಿಗಳನ್ನು ತೂಗಿ ನೋಡುವ ಸಂಸ್ಥೆ) ಮೌಲ್ಯಮಾಪನ ಬೇಕಿದ್ದರೆ ಟ್ರಾನ್ಸ್‌ಕ್ರಿಪ್ಟ್ ವಿಶ್ವವಿದ್ಯಾಲಯದಿಂದ ನೇರ ಅವರಿಗೇ ಹೋಗಲಿ. ನಿಮ್ಮ ಕೈಲಿರುವ ಪ್ರತಿ ಅವರಿಗೆ ಲೆಕ್ಕಕ್ಕಿಲ್ಲ.