ಹಬ್ಬದ ಫೋಟೊ ಸಾಕು, ಮಂಗಳವಾರದ್ದು ತೆಗೆಯಿರಿ

ಫೋನಿನ ಗ್ಯಾಲರಿಯನ್ನು ಒಮ್ಮೆ ಹಿಂದಕ್ಕೆ ಸರಿಸುತ್ತಾ ಹೋಗಿ. ವರಮಹಾಲಕ್ಷ್ಮಿ ಹಬ್ಬದ ಅಲಂಕಾರ ಇರುತ್ತದೆ. ಗಣಪತಿ ಕೂರಿಸಿದ್ದು, ಬಿಟ್ಟಿದ್ದು ಎರಡೂ ಇರುತ್ತವೆ. ಅಕ್ಕನ ಮಗುವಿನ ನಾಮಕರಣದ್ದಂತೂ ಲೆಕ್ಕವಿಲ್ಲ. ಆದರೆ ಅಮ್ಮ ದಿನಾ ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದು? ಊಟ ಆದ ಮೇಲೆ ಅಜ್ಜ ವೀಳ್ಯದೆಲೆಯ ಬೆನ್ನಿಗೆ ಸುಣ್ಣ ಸವರುವುದು? ಹುಡುಕಿದರೂ ಸಿಗುವುದಿಲ್ಲ, ಅಲ್ವಾ? ದಿನಾ ನಡೆಯುವುದು ತಾನೇ, ಯಾವಾಗ ಬೇಕಾದರೂ ತೆಗೆದರಾಯಿತು ಅಂತ ಬಿಟ್ಟಿರುತ್ತೇವೆ.

ಆ ಬಿಟ್ಟುಹೋದ ಫೋಟೊಗಳನ್ನು ತೆಗೆಯುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ದೊಡ್ಡ ಕ್ಯಾಮೆರಾ ಬೇಡ, ಕೈಯಲ್ಲಿರುವ ಫೋನ್ ಸಾಕು. ಬೇಕಾಗುವುದು ಒಂದಷ್ಟು ತಿಂಗಳು ಮತ್ತು ಸ್ವಲ್ಪ ಬೇಗ ಏಳುವ ಮನಸ್ಸು.

ಒಂದೇ ಕೆಲಸ ಆರಿಸಿ

‘ನಮ್ಮ ಸಂಸ್ಕೃತಿ’ ಅಂತ ಹೊರಟರೆ ಎರಡನೇ ವಾರಕ್ಕೇ ಸುಸ್ತಾಗುತ್ತೀರಿ. ಒಬ್ಬರು, ಒಂದು ಜಾಗ, ಒಂದು ಕೆಲಸ. ಅಷ್ಟೇ ಇರಲಿ.

ಅದು ಪೂಜೆಯೇ ಆಗಬೇಕೆಂದಿಲ್ಲ. ಫಿಲ್ಟರ್‌ಗೆ ಕಾಫಿಪುಡಿ ಹಾಕಿ ಕುದಿನೀರು ಸುರಿದು, ಡಿಕಾಕ್ಷನ್ ಇಳಿಯುವವರೆಗೆ ಕಾಯುವುದೂ ಆದೀತು. ಉತ್ತರ ಕರ್ನಾಟಕದವರಾದರೆ ಜೋಳದ ರೊಟ್ಟಿ ಬಡಿಯುವ ಹೊತ್ತಿದೆ. ಬೆಳಗ್ಗೆ ಅಂಗಡಿಯ ಶಟರ್ ಎತ್ತಿ, ಹೊಸಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಊದುಬತ್ತಿ ಹಚ್ಚಿ ಗಲ್ಲಾಪೆಟ್ಟಿಗೆಗೆ ಬೆಳಗುವ ದಿನಸಿ ಅಂಗಡಿಯವರು ಇದ್ದಾರೆ. ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಹ್ಯಾಂಡಲ್ ಮುಟ್ಟಿ ನಮಸ್ಕರಿಸುವ ಆಟೋದವರು ಇದ್ದಾರೆ. ಲೋಬಾನದ ಹೊಗೆ ಹಿಡಿದು ಅಂಗಡಿಯಿಂದ ಅಂಗಡಿಗೆ ಬರುವವರನ್ನು ನಮ್ಮ ಪೇಟೆಬೀದಿಗಳಲ್ಲಿ ನೀವು ನೋಡಿಯೇ ಇರುತ್ತೀರಿ.

ಇವುಗಳಲ್ಲಿ ಯಾವುದು? ನಾನು ನೋಡುವುದು ಒಂದೇ. ಆ ಕೆಲಸ ಒಂದು ದಿನ ತಪ್ಪಿದರೆ ಮಾಡುವವರಿಗೆ ಏನೋ ಕಳೆದುಕೊಂಡಂತೆ ಅನಿಸಬೇಕು. ‘ಬಾಗಿಲು ಬಿಕೋ ಅನ್ಸುತ್ತೆ’ ಅಂತ ಮನೆಯ ಹೆಂಗಸರು ಹೇಳುವುದಿಲ್ಲವೇ, ಹಾಗೆ. ಅಂಥ ಕೆಲಸದಲ್ಲಿ ಫೋಟೊ ಸಿಕ್ಕೇ ಸಿಗುತ್ತದೆ. ಜೊತೆಗೆ ಆ ಹೊತ್ತಿಗೆ ನೀವು ಎದ್ದಿರಬೇಕು, ಮನೆಯಲ್ಲಿರಬೇಕು. ಐದೂವರೆಗೆ ಏಳಲಾರದವರು ಸಂಜೆ ದೀಪ ಹಚ್ಚುವುದನ್ನು ಆರಿಸಿಕೊಳ್ಳುವುದು ಜಾಣತನ.

ಮೊದಲು ಕೇಳಿ

ಮನೆಯವರೇ ಆದರೂ ಕೇಳಬೇಕು. ‘ನೈಟಿಯಲ್ಲಿದ್ದೀನಿ, ತೆಗೀಬೇಡ’ ಅಂದರೆ ತೆಗೆಯಬಾರದು. ಕೈ ಮಾತ್ರ ತೆಗೆಯುತ್ತೇನೆ ಅಂದರೆ ಬಹಳ ಜನ ಒಪ್ಪುತ್ತಾರೆ. ನಿಜ ಹೇಳಬೇಕೆಂದರೆ ಮುಖಕ್ಕಿಂತ ಕೈಯೇ ಜಾಸ್ತಿ ಮಾತಾಡುತ್ತದೆ. ಮಡಿಯಲ್ಲಿರುವವರ ಹತ್ತಿರ ಹೋಗಿ ಮೈಗೆ ತಾಗಬೇಡಿ. ದೇವರ ಮನೆಯೊಳಗೆ ಫೋನ್ ಬೇಡ ಅನ್ನುವ ಮನೆಗಳಿವೆ. ಅಲ್ಲಿ ಬಾಗಿಲ ಚೌಕಟ್ಟಿನ ಆಚೆಯಿಂದಲೇ ತೆಗೆಯಿರಿ. ಚೌಕಟ್ಟೇ ಫೋಟೊಗೆ ಅಂಚಾಗುತ್ತದೆ, ನಷ್ಟವೇನಿಲ್ಲ.

ಅಂಗಡಿಯವರಾದರೆ ಬೋಣಿ ಆಗುವ ಮುಂಚೆ ಹೋಗಿ ಮಾತಿಗೆಳೆಯಬೇಡಿ. ಹಿಂದಿನ ದಿನ ಸಂಜೆಯೇ ಹೋಗಿ ಕೇಳಿ. ಮೊದಲ ಪ್ರಿಂಟ್ ಬಂದ ಕೂಡಲೇ ಒಂದು ಪ್ರತಿ ಕೊಟ್ಟುಬಿಡಿ. ಆಮೇಲೆ ಅವರೇ ‘ಇವತ್ತು ಯಾಕೆ ಬರ್ಲಿಲ್ಲ’ ಅಂತ ಕೇಳುತ್ತಾರೆ.

ಫೋನ್ ಜೇಬಿನಲ್ಲಿಟ್ಟು ನೋಡಿ

ಮೊದಲ ಕೆಲವು ದಿನ ಫೋಟೊ ಬೇಡ. ಸುಮ್ನೆ ಪಕ್ಕದಲ್ಲಿ ಕೂತು ನೋಡಿ. ಏನಾದ ಮೇಲೆ ಏನು ನಡೆಯುತ್ತದೆ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಈ ಲೇಖನದಲ್ಲಿ ಒಂದೇ ಒಂದು ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ.

ರಂಗೋಲಿಯನ್ನೇ ತೆಗೆದುಕೊಳ್ಳೋಣ. ನಮ್ಮ ಕಣ್ಣಿಗೆ ಅದು ಒಂದು ಚಿತ್ರ. ನೋಡುತ್ತಾ ಕೂತರೆ ಏಳೆಂಟು ಕೆಲಸ. ಕಸ ಗುಡಿಸುವುದು. ತಂಬಿಗೆಯ ನೀರನ್ನು ಅಂಗೈಯಲ್ಲಿ ಹಿಡಿದು ಚಿಮುಕಿಸುವುದು, ಇಲ್ಲವೇ ಹಳ್ಳಿಮನೆಯಾದರೆ ಸಗಣಿ ನೀರಿನಲ್ಲಿ ಸಾರಿಸುವುದು. ನೆಲ ಅರ್ಧ ಆರುವವರೆಗೆ ಒಂದು ಗಳಿಗೆ ನಿಲ್ಲುವುದು. ಈ ನಿಲ್ಲುವುದನ್ನು ಯಾರೂ ಫೋಟೊ ತೆಗೆಯುವುದಿಲ್ಲ. ಆ ಹೊತ್ತಿನಲ್ಲಿ ಕಣ್ಣು ನೆಲವನ್ನು ಅಳೆಯುತ್ತಿರುತ್ತದೆ, ಇವತ್ತು ಯಾವುದು ಹಾಕಲಿ ಅಂತ. ಅಪಾರ್ಟ್‌ಮೆಂಟ್ ಬಾಗಿಲಿನ ಎರಡಡಿ ಜಾಗವಾದರೆ ಏಳರಿಂದ ನಾಲ್ಕರ ಸಂದು ಚುಕ್ಕಿ ಸಾಕು, ಅಂದರೆ ನಡುಸಾಲಿಗೆ ಏಳು, ಎರಡೂ ಕಡೆ ಒಂದೊಂದೇ ಕಡಿಮೆಯಾಗುತ್ತಾ ನಾಲ್ಕಕ್ಕೆ ನಿಲ್ಲುವುದು. ಧನುರ್ಮಾಸವಾದರೆ, ಅಂಗಳವೂ ಇದ್ದರೆ, ಹದಿನೈದರಿಂದ ಎಂಟು.

ಆಮೇಲೆ ಬಟ್ಟಲು ಎಡಗೈಗೆ ಬರುತ್ತದೆ. ಬಲಗೈಯ ಹೆಬ್ಬೆರಳು, ತೋರುಬೆರಳ ನಡುವೆ ಚಿಟಿಕೆ ಪುಡಿ. ಚುಕ್ಕಿ ಇಡುವಾಗ ಕೈ ನೆಲಕ್ಕೆ ತೀರಾ ಹತ್ತಿರ ಇರುತ್ತದೆ. ಎಳೆ ಬಿಡುವಾಗ ಸ್ವಲ್ಪ ಮೇಲೇಳುತ್ತದೆ. ಹೆಬ್ಬೆರಳು ತೋರುಬೆರಳ ಮೇಲೆ ಹಿಂದಕ್ಕೆ ಮುಂದಕ್ಕೆ ಉಜ್ಜುತ್ತಿದ್ದಂತೆ ಪುಡಿ ಒಂದೇ ಸಮನೆ ಇಳಿಯುತ್ತದೆ. ಎಳೆ ತಿರುಗುವ ಕಡೆ ಕೈ ನಿಲ್ಲುವುದಿಲ್ಲ, ಇಡೀ ಮೈ ತಿರುಗುತ್ತದೆ. ಕೆಲವರು ಕುಕ್ಕರಗಾಲಿನಲ್ಲಿ ಕೂರುತ್ತಾರೆ, ಮಂಡಿ ನೋವಿರುವವರು ಸೊಂಟ ಬಗ್ಗಿಸಿ ನಿಂತೇ ಹಾಕುತ್ತಾರೆ. ಕೊನೆಗೆ ನಡುವೆ ಅರಿಸಿನ, ಕುಂಕುಮ. ಉಳಿದ ಪುಡಿಯ ಬಟ್ಟಲು ಬಾಗಿಲ ಸಂದಿಗೆ. ಒದ್ದೆ ಕೈ ಸೆರಗಿಗೆ.

ಇದೆಲ್ಲ ಮೊದಲೇ ಗೊತ್ತಿದ್ದರೆ ಕೈ ಎಲ್ಲಿಗೆ ಬರುತ್ತದೋ ಅಲ್ಲಿ ನೀವು ಮುಂಚೆಯೇ ಹೋಗಿ ಕೂತಿರುತ್ತೀರಿ. ‘ಅಮ್ಮಾ, ಇನ್ನೊಂದ್ಸಲ ಮಾಡಮ್ಮ’ ಅನ್ನಬೇಕಾಗಿಲ್ಲ. ಆ ಮಾತನ್ನು ಯಾವತ್ತೂ ಆಡಬೇಡಿ. ಕ್ಯಾಮೆರಾಗೋಸ್ಕರ ಎರಡನೇ ಸಲ ಮಾಡಿದ್ದು ಫೋಟೊದಲ್ಲಿ ಗೊತ್ತಾಗಿಬಿಡುತ್ತದೆ. ಕೈ ಗಟ್ಟಿಯಾಗುತ್ತದೆ, ತುಟಿಯಲ್ಲಿ ನಗು ಬಂದು ಕೂರುತ್ತದೆ.

ಬೆಳಕು ಎಲ್ಲಿಂದ ಬರುತ್ತದೆ

ಬೆಂಗಳೂರಿನಲ್ಲಿ ಜೂನ್ ಮೊದಲ ವಾರ ಸೂರ್ಯ ಹುಟ್ಟುವುದು ಬೆಳಗ್ಗೆ ಸುಮಾರು 5.50ಕ್ಕೆ, ಜನವರಿ ಕೊನೆಗೆ 6.45ರ ಹೊತ್ತಿಗೆ. ಅಂದರೆ ಅಮ್ಮ ಏಳುವ ಸಮಯ ಅದೇ ಆದರೂ ಬೆಳಕು ಅದೇ ಅಲ್ಲ. ಬೇಸಿಗೆಯಲ್ಲಿ ಓರೆ ಬಿಸಿಲಿನಲ್ಲಿ ಸಿಗುವ ರಂಗೋಲಿ, ಚಳಿಗಾಲದಲ್ಲಿ ಬೀದಿದೀಪದ ಕೆಳಗೆ ಸಿಗುತ್ತದೆ. ಎರಡನ್ನೂ ತೆಗೆಯಿರಿ.

ಓರೆ ಬೆಳಕಿನಲ್ಲಿ ಪುಡಿಯ ಎಳೆಗೆ ಪಕ್ಕದಲ್ಲೇ ಸಣ್ಣ ನೆರಳು ಬೀಳುತ್ತದೆ. ಎಳೆ ನೆಲದಿಂದ ಎದ್ದು ನಿಂತಂತೆ ಕಾಣುವುದು ಆಗಲೇ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಇದು ಸಿಗುವುದಿಲ್ಲ. ಸೂರ್ಯನಿಗೆ ಬೆನ್ನು ಹಾಕಿ ನಿಂತರೆ ನಿಮ್ಮ ನೆರಳೇ ರಂಗೋಲಿ ಮೇಲೆ ಬೀಳುತ್ತದೆ, ಪಕ್ಕಕ್ಕೆ ಬನ್ನಿ.

ಕಾಫಿಯ ಹಬೆ, ಲೋಬಾನದ ಹೊಗೆ, ಊದುಬತ್ತಿ ಇವಕ್ಕೆ ನಿಯಮ ಬೇರೆ. ಬೆಳಕು ಹೊಗೆಯ ಹಿಂದಿನಿಂದ ಬರಬೇಕು, ಅದರ ಬೆನ್ನಿಗೆ ಕತ್ತಲಿರಬೇಕು. ಅಡುಗೆಮನೆಯ ಕಿಟಕಿ ಎದುರಿಗೆ ಸ್ವಲ್ಪ ಓರೆಯಾಗಿ ನಿಲ್ಲಿ. ಹಿಂದೆ ಬಿಳಿ ಗೋಡೆ ಇದ್ದರೆ ಹೊಗೆ ಕಾಣುವುದೇ ಇಲ್ಲ.

ಸಂಜೆ ದೀಪ ತೆಗೆಯುವವರಿಗೆ ಸಿಗುವ ಸಮಯ ಬಹಳ ಕಡಿಮೆ. ನಮ್ಮ ಕಡೆ ಮುಸ್ಸಂಜೆ ಬೇಗ ಮುಗಿಯುತ್ತದೆ. ಸೂರ್ಯ ಮುಳುಗಿದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಮಾತ್ರ ಆಕಾಶದ ನೀಲಿಯೂ ತುಳಸಿಕಟ್ಟೆಯ ದೀಪವೂ ಸರಿಸಮ ಇರುತ್ತವೆ. ಆಮೇಲೆ ಹಿಂದೆಲ್ಲ ಬರೀ ಕಪ್ಪು. ಆ ಹೊತ್ತಿಗೆ ವರಾಂಡದ ಟ್ಯೂಬ್‌ಲೈಟ್ ಆರಿಸಿರಿ ಅಂತ ಮನೆಯವರನ್ನು ಕೇಳಿಕೊಳ್ಳಿ. ಅದೊಂದನ್ನು ಕೇಳಿದರೆ ತಪ್ಪಿಲ್ಲ.

ಫೋನಿನಲ್ಲಿ ಏನು ಬದಲಿಸಬೇಕು

ಮೊದಲು ಲೆನ್ಸ್ ಒರೆಸಿ. ಅಡುಗೆಮನೆಯಲ್ಲಿ ಓಡಾಡುವ ಫೋನಿನ ಮೇಲೆ ಎಣ್ಣೆ ಕೈ ಬಿದ್ದೇ ಇರುತ್ತದೆ. ಫೋಟೊ ಮಸುಕಾಗಿ ಬರಲು ಬಹುಪಾಲು ಅದೇ ಕಾರಣ.

ಫ್ಲ್ಯಾಶ್ ಪೂರ್ತಿ ಬಂದ್. ಪೋರ್ಟ್ರೇಟ್ ಮೋಡ್ ಕೂಡ ಬೇಡ. ಹೂವಿನ ನಾರು, ಊದುಬತ್ತಿಯ ಕಡ್ಡಿಯಂಥ ತೆಳು ವಸ್ತುಗಳನ್ನು ಅದು ಹಿನ್ನೆಲೆ ಅಂದುಕೊಂಡು ಅಳಿಸಿಬಿಡುತ್ತದೆ. ವೈಡ್ ಲೆನ್ಸ್ ಹತ್ತಿರದ ಕೈಯನ್ನು ಎಳೆದು ಉದ್ದ ಮಾಡುತ್ತದೆ. ಜೂಮ್ ಅನ್ನು ಒಂದು ಎಕ್ಸ್‌ನಲ್ಲೇ (1x) ಇಟ್ಟುಕೊಳ್ಳಿ, ಹತ್ತಿರ ಬೇಕಿದ್ದರೆ ಕಾಲಿನಲ್ಲಿ ನಡೆದು ಹೋಗಿ. ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಗೆರೆ ಹಾಕಿಕೊಳ್ಳಿ. ಹೊಸಿಲು ಸೊಟ್ಟಗಾದರೆ ತಕ್ಷಣ ಗೊತ್ತಾಗುತ್ತದೆ.

ಒದ್ದೆ ನೆಲ ಕಪ್ಪು, ಪುಡಿ ಬಿಳಿ. ಫೋನ್ ಕಪ್ಪು ನೆಲವನ್ನು ನೋಡಿ ‘ಕತ್ತಲಿದೆ’ ಅಂದುಕೊಂಡು ಬೆಳಕು ಏರಿಸುತ್ತದೆ. ಎಳೆಗಳೆಲ್ಲ ಒಂದಕ್ಕೊಂದು ಕಲಸಿದ ಬಿಳಿ ಪಟ್ಟಿಯಾಗುತ್ತವೆ. ಪುಡಿಯ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್, ಬೆಳಕು ಎರಡೂ ಲಾಕ್ ಆಗುತ್ತವೆ. ಆಮೇಲೆ ಪಕ್ಕದ ಸೂರ್ಯನ ಗುರುತನ್ನು ಸ್ವಲ್ಪ ಕೆಳಕ್ಕೆ ಎಳೆಯಿರಿ. ದೀಪದ ಜ್ವಾಲೆಗೂ ಇದೇ ಉಪಾಯ.

ಪ್ರೋ ಮೋಡ್ ಇದ್ದರೆ ಶಟರ್ ವೇಗ, ಅಂದರೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕು ಒಳಗೆ ಬಿಡುತ್ತದೆ ಅನ್ನುವುದು, ನಿಮ್ಮ ಕೈಯಲ್ಲಿ. 1/125 ಸೆಕೆಂಡಿನಲ್ಲಿ ಬೆರಳುಗಳು ನಿಂತು ಕಾಣುತ್ತವೆ. ಫೋನನ್ನು ಗೋಡೆಗೋ ಮೆಟ್ಟಿಲಿಗೋ ಆನಿಸಿ 1/15ಕ್ಕೆ ಇಳಿಸಿದರೆ ಸುರಿಯುವ ಪುಡಿ ತೆಳು ಪರದೆಯಾಗಿ ಬರುತ್ತದೆ. ಎಲ್‌ಇಡಿ ದೀಪದ ಕೆಳಗೆ ಫೋಟೊದಲ್ಲಿ ಅಡ್ಡಡ್ಡ ಪಟ್ಟಿ ಬಂದರೆ 1/50 ಅಥವಾ 1/100 ಇಡಿ. ನಮ್ಮ ಕರೆಂಟ್ 50 ಹರ್ಟ್ಸ್‌ನದು, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಈ ವೇಗಗಳು ಅದಕ್ಕೆ ಹೊಂದುತ್ತವೆ. ನೈಟ್ ಮೋಡ್ ಒಂದೆರಡು ಸೆಕೆಂಡು ತೆಗೆದುಕೊಳ್ಳುವುದರಿಂದ ಆಡುವ ಕೈ ಹರಡಿಹೋಗುತ್ತದೆ. ಯಾರೂ ಇಲ್ಲದ ಅಂಗಳಕ್ಕೆ ಅದು ಸರಿ.

ಮೂರು ದೂರ

ಪ್ರತಿ ದಿನವೂ ಮೂರು ದೂರದಿಂದ ತೆಗೆಯಿರಿ. ಬೀದಿಯಿಂದ ಇಡೀ ಬಾಗಿಲು. ನಾಲ್ಕಡಿಯಿಂದ ಕೆಲಸ ಮಾಡುತ್ತಿರುವ ವ್ಯಕ್ತಿ. ಗೇಣು ದೂರದಿಂದ ಬೆರಳು, ಪುಡಿ, ಬಟ್ಟಲು. ನಮಗೆ ಹತ್ತಿರದ್ದೇ ಚೆಂದ ಅನಿಸುತ್ತದೆ. ಹತ್ತು ವರ್ಷ ಬಿಟ್ಟು ನೋಡುವವರಿಗೆ ಬೇಕಾಗುವುದು ದೂರದ್ದು. ಆ ಕಾಂಪೌಂಡು, ಆ ಸ್ಕೂಟರು, ಎದುರುಮನೆಯ ತೆಂಗಿನಮರ ಎಲ್ಲ ಅದರಲ್ಲೇ ಇರುತ್ತವೆ.

ರಂಗೋಲಿ, ಗೋಡೆಚಿತ್ರಗಳನ್ನು ಹೀಗೆ ಸುತ್ತಲಿನ ಬದುಕಿನ ಸಮೇತ ತೆಗೆದವರು ಬರೋಡದ ಕಲಾವಿದ ಜ್ಯೋತಿ ಭಟ್. 1960ರ ದಶಕದಿಂದ ಹಳ್ಳಿ ಹಳ್ಳಿ ಸುತ್ತಿದರು. ಅವರ ಚಿತ್ರಗಳಲ್ಲಿ ಚಿತ್ತಾರದ ಪಕ್ಕದಲ್ಲೇ ಅದನ್ನು ಬರೆದ ಹೆಂಗಸೂ ಇರುತ್ತಾಳೆ. ಅವರ ಫೋಟೊಗಳ ದೊಡ್ಡ ಸಂಗ್ರಹ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯಾಪ್‌ನಲ್ಲಿದೆ (ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೊಗ್ರಫಿ). ನಮ್ಮವರೇ ಬೇಕೆಂದರೆ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಇದ್ದಾರೆ. ದೊಡ್ಡ ದೊಡ್ಡ ಪತ್ರಿಕೆಗಳಿಗೆ ಕೆಲಸ ಮಾಡಿದವರು. ಆದರೂ ಅವರ ಮನಸ್ಸು ನಿಂತಿದ್ದು ಬೀದಿಯ ಮಕ್ಕಳು, ಸಾಮಾನ್ಯ ಜನರ ದಿನದ ಬದುಕಿನ ಮೇಲೆ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶನಗೊಂಡವು. ಇಬ್ಬರ ಚಿತ್ರಗಳನ್ನೂ ಒಂದು ಭಾನುವಾರ ಕೂತು ನೋಡಿ. ಎಲ್ಲಿ ನಿಂತು ತೆಗೆದಿದ್ದಾರೆ ಅನ್ನುವುದನ್ನಷ್ಟೇ ಗಮನಿಸಿ.

ಬೇಜಾರಾಗುತ್ತದೆ, ಆಗಲಿ

ಕೆಲವು ವಾರ ಕಳೆದ ಮೇಲೆ ಎಲ್ಲ ಫೋಟೊ ಒಂದೇ ಥರ ಕಾಣಲು ಶುರುವಾಗುತ್ತದೆ. ಬಹಳಷ್ಟು ಜನ ಬಿಟ್ಟುಬಿಡುವುದು ಇಲ್ಲೇ. ಆದರೆ ಅಮ್ಮ ನಿಮ್ಮನ್ನು ಮರೆಯುವುದೂ ಆಗಲೇ. ಅಲ್ಲಿಂದ ಮುಂದೆ ಸಿಗುವುದೇ ನಿಜವಾದ ಫೋಟೊ.

ಆಗ ಹುಡುಕಬೇಕಾದ್ದು ವ್ಯತ್ಯಾಸ. ಮಳೆ ಬಂದ ದಿನ ರಂಗೋಲಿ ಹೊಸಿಲಿನ ಒಳಕ್ಕೆ ಬರುತ್ತದೆ. ಗಡಿಬಿಡಿಯ ಸೋಮವಾರ ಎರಡೇ ಎಳೆ. ಮೊಮ್ಮಗಳು ಬಂದಾಗ ಬಣ್ಣ. ಅಮ್ಮ ಊರಿಗೆ ಹೋದ ದಿನ ಬರೀ ಒಣ ನೆಲ. ಆ ದಿನವೂ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ನಿಂತು ಒಂದು ಫೋಟೊ ತೆಗೆಯಿರಿ. ಮಧ್ಯಾಹ್ನ ಸ್ಕೂಟರ್ ಚಕ್ರ ಹಾದು ಅಳಿಸಿದ ರಂಗೋಲಿಯೂ, ಪುಡಿಯಲ್ಲಿ ಅಕ್ಕಿಹಿಟ್ಟು ಬೆರೆತಿದ್ದರೆ ಅದಕ್ಕೆ ಮುತ್ತುವ ಇರುವೆಯೂ ಈ ಕಥೆಗೇ ಸೇರಿದ್ದು.

ಮಾತನ್ನೂ ಹಿಡಿಯಿರಿ

ಅದೇ ಫೋನಿನಲ್ಲಿ ರೆಕಾರ್ಡರ್ ಇದೆ. ‘ಯಾಕೆ ಮಾಡ್ತೀರಿ’ ಅಂತ ಕೇಳಿದರೆ ‘ಮೊದ್ಲಿಂದ ಬಂದಿರೋದು’ ಅನ್ನುವ ಒಂದೇ ಉತ್ತರ ಬರುತ್ತದೆ. ಬದಲಿಗೆ ‘ಈ ಎಳೆ ಯಾರು ಹೇಳಿಕೊಟ್ಟಿದ್ದು’, ‘ಮದುವೆಯಾಗಿ ಬಂದಾಗ ಈ ಅಂಗಳ ಹೇಗಿತ್ತು’ ಅಂತ ಕೇಳಿ. ಕೆಲಸ ನಡೆಯುವಾಗಲೇ ಕೇಳಿ. ಕೈ ಆಡುತ್ತಿದ್ದರೆ ಬಾಯಿ ಸಲೀಸಾಗಿ ಆಡುತ್ತದೆ. ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ. ಹಾಸನದ ಮಾತನ್ನಾಗಲಿ ಧಾರವಾಡದ ಮಾತನ್ನಾಗಲಿ ತಿದ್ದಿ ಪುಸ್ತಕದ ಕನ್ನಡ ಮಾಡಬೇಡಿ.

ಆರಿಸುವುದು, ಪ್ರಿಂಟ್ ಹಾಕಿಸುವುದು

ತಿಂಗಳಿಗೊಮ್ಮೆ ಎಲ್ಲವನ್ನೂ ಕಂಪ್ಯೂಟರಿಗೋ ಹಾರ್ಡ್ ಡಿಸ್ಕಿಗೋ ಇಳಿಸಿ. ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಸುಮ್ಮನೆ ಕಳಿಸಿದರೆ ಫೋಟೊ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಹೊರಗಿನವರ ಜೊತೆ ಹಂಚಿಕೊಳ್ಳುವುದಾದರೆ ಲೊಕೇಶನ್ ತೆಗೆದುಹಾಕಿ. ಮನೆಯ ವಿಳಾಸ ಎಲ್ಲರಿಗೂ ಗೊತ್ತಾಗಬೇಕಿಲ್ಲ.

ಆರಿಸುವಾಗ ಪರದೆಯನ್ನು ನಂಬಬೇಡಿ. ಅಲ್ಲಿ ಎಲ್ಲವೂ ಹೊಳೆಯುತ್ತದೆ. ಊರಿನ ಕಲರ್ ಲ್ಯಾಬ್‌ನಲ್ಲಿ 4x6 ಅಳತೆಯ ಪ್ರಿಂಟ್ ಹಾಕಿಸಿ, ಚಾಪೆ ಮೇಲೆ ಹರಡಿ. ಒಂದೇ ಮಾತು ಹೇಳುವ ಎರಡು ಫೋಟೊ ಇದ್ದರೆ ಒಂದನ್ನು ಎತ್ತಿಡಿ. ಅತಿ ಸುಂದರವಾಗಿ ಬಂದದ್ದರ ಮೇಲೆ ಸ್ವಲ್ಪ ಅನುಮಾನ ಇರಲಿ, ಹಬ್ಬದ ಫೋಟೊ ಆಗಿಬಿಟ್ಟಿದೆಯೇ ಅಂತ. ಇಪ್ಪತ್ತು ಉಳಿದರೆ ಜಾಸ್ತಿಯೇ ಆಯಿತು. ಆಮೇಲೆ ಅಮ್ಮನನ್ನೇ ಕರೆದು ಜೋಡಿಸಲು ಹೇಳಿ. ನೀವು ಅಂದುಕೊಂಡ ಕ್ರಮಕ್ಕೂ ಅವರು ಇಡುವ ಕ್ರಮಕ್ಕೂ ಸಂಬಂಧವೇ ಇರುವುದಿಲ್ಲ. ಅವರದ್ದನ್ನೇ ಇಟ್ಟುಕೊಳ್ಳಿ.

ಪ್ರಿಂಟಿನ ಹಿಂದೆ ದಿನಾಂಕ, ಊರು, ಯಾರ ಕೈ ಅನ್ನುವುದನ್ನು ಬರೆಯಿರಿ. ಬಾಲ್‌ಪೆನ್ನಲ್ಲಿ ಒತ್ತಿ ಬರೆದರೆ ಮುಂಭಾಗದಲ್ಲಿ ಗುರುತು ಏಳುತ್ತದೆ. ತೆಳು ಮೊನೆಯ ಪರ್ಮನೆಂಟ್ ಮಾರ್ಕರ್ ಬಳಸಿ. ಶಾಯಿ ಪೂರ್ತಿ ಒಣಗುವ ತನಕ ಒಂದರ ಮೇಲೊಂದು ಇಡಬೇಡಿ.